ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕದ ಪರ ಮಾತಾಡಿದವರು: ಮೆಡಲಿನ್ ಆಲ್‌ಬ್ರೈಟ್ ಬದುಕಿನಿಂದ ರಾಯಭಾರಿಯ ಕೆಲಸ ತಿಳಿಯೋಣ

ಬೇರೆ ದೇಶದಲ್ಲಿ ಹುಟ್ಟಿದವರನ್ನು ಒಂದು ದೇಶ ನಂಬಿ, ‘ಹೋಗಿ, ನಮ್ಮ ಪರವಾಗಿ ಮಾತಾಡಿ’ ಅಂತ ಹೇಗೆ ಕಳಿಸುತ್ತದೆ? ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ಹುಡುಗಿಯೊಬ್ಬಳು ಈ ಪ್ರಶ್ನೆ ಕೇಳಿದಳು. ಅವಳ ಅಣ್ಣ ಮುಂಬೈಯ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟಿಗೆ ವೀಸಾ ಇಂಟರ್‌ವ್ಯೂಗೆ ಹೋಗಿದ್ದ. ಕಿಟಕಿಯ ಆ ಕಡೆ ಕೂತಿದ್ದ ಅಧಿಕಾರಿಯ ಮುಖ ನಮ್ಮ ಕಡೆಯವರ ಹಾಗೇ ಇತ್ತಂತೆ, ಮಾತು ಮಾತ್ರ ಪೂರ್ತಿ ಅಮೆರಿಕದ್ದು. ಮನೆಗೆ ಬಂದವನು ವೀಸಾ ಸಿಕ್ಕಿದ್ದಕ್ಕಿಂತ ಅದನ್ನೇ ಜಾಸ್ತಿ ಹೇಳಿದ.

ಪ್ರಶ್ನೆ ಚೆನ್ನಾಗಿದೆ. ಕಾನೂನಿನ ಉತ್ತರ ಚಿಕ್ಕದು, ಬೇಗ ಮುಗಿಯುತ್ತದೆ. ಅದರಾಚೆಗಿನ ಉತ್ತರ ಬೇಕಾದರೆ ಒಬ್ಬರ ಬದುಕನ್ನೇ ತೆಗೆದು ನೋಡಬೇಕು. ಅದಕ್ಕೆ ನಾನು ಆರಿಸಿಕೊಂಡಿರುವುದು ಮೆಡಲಿನ್ ಆಲ್‌ಬ್ರೈಟ್ ಅವರನ್ನು. ಆಗಿನ ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ಹುಟ್ಟಿ, ಎರಡು ಸಲ ದೇಶ ಕಳೆದುಕೊಂಡು, 11ನೇ ವಯಸ್ಸಿಗೆ ಅಮೆರಿಕ ಸೇರಿ, 59ನೇ ವಯಸ್ಸಿಗೆ ಆ ದೇಶದ ವಿದೇಶಾಂಗ ಸಚಿವೆ ಆದವರು. ಅವರು ಮಾಡಿದ್ದೆಲ್ಲ ನನಗೆ ಒಪ್ಪಿಗೆ ಇದೆ ಅಂತಲ್ಲ, ಕೆಲವು ವಿಷಯ ಇವತ್ತಿಗೂ ಒಪ್ಪಿಗೆ ಇಲ್ಲ. ಆದರೆ ರಾಯಭಾರಿಯ ಬಾಯಲ್ಲಿ ಬರುವ ಮಾತಿನಲ್ಲಿ ಸರ್ಕಾರದ್ದು ಎಷ್ಟು, ಅವರ ಸ್ವಂತ ಬದುಕಿನದ್ದು ಎಷ್ಟು ಅನ್ನುವುದನ್ನು ಇವರಷ್ಟು ಚೆನ್ನಾಗಿ ತೋರಿಸುವವರು ಕಡಿಮೆ.

ಮೊದಲು ಒಂದು ಗೊಂದಲ ಬಿಡಿಸೋಣ. ಮುಂಬೈಯಲ್ಲಿ ಯಾವ ದೇಶದ ರಾಯಭಾರಿಯೂ ಕೂರುವುದಿಲ್ಲ. ರಾಯಭಾರಿ ಇರುವುದು ರಾಜಧಾನಿಯಲ್ಲಿ, ಅಂದರೆ ದೆಹಲಿಯಲ್ಲಿ. ಅವರು ಬಂದ ಮೇಲೆ ರಾಷ್ಟ್ರಪತಿ ಭವನಕ್ಕೆ ಹೋಗಿ ತಮ್ಮ ದೇಶದ ಮುಖ್ಯಸ್ಥರು ಕೊಟ್ಟ ಪತ್ರವನ್ನು ನಮ್ಮ ರಾಷ್ಟ್ರಪತಿಗೆ ಒಪ್ಪಿಸುತ್ತಾರೆ. ಎರಡು ಸರ್ಕಾರಗಳ ನಡುವಿನ ದೊಡ್ಡ ಮಾತುಕತೆ ಅವರ ಕೆಲಸ. ಮುಂಬೈಯಲ್ಲಿ ಇರುವವರು ಕಾನ್ಸುಲ್ ಜನರಲ್ ಮತ್ತು ಅವರ ಸಿಬ್ಬಂದಿ. ವೀಸಾ ಕೊಡುವುದು, ತಮ್ಮ ದೇಶದವರ ಪಾಸ್‌ಪೋರ್ಟ್ ಕಳೆದುಹೋದರೆ ಹೊಸದು ಮಾಡಿಕೊಡುವುದು, ತಮ್ಮವರು ಯಾರಾದರೂ ಇಲ್ಲಿ ಜೈಲು ಸೇರಿದರೆ ಹೋಗಿ ನೋಡುವುದು, ವ್ಯಾಪಾರಕ್ಕೆ ದಾರಿ ಮಾಡಿಕೊಡುವುದು, ಇವೆಲ್ಲ ಅವರ ಪಾಲಿಗೆ. ರಾಯಭಾರಿಗಳ ನಿಯಮ 1961ರ ವಿಯೆನ್ನಾ ಒಪ್ಪಂದದಲ್ಲಿದೆ, ಕಾನ್ಸುಲೇಟುಗಳದ್ದು 1963ರ ಇನ್ನೊಂದು ವಿಯೆನ್ನಾ ಒಪ್ಪಂದದಲ್ಲಿ.

ಈ 1961ರ ಒಪ್ಪಂದದಲ್ಲಿ ಹುಟ್ಟಿದ ಊರಿನ ಬಗ್ಗೆ ಒಂದು ಮಾತೂ ಇಲ್ಲ. ಅದು ಕೇಳುವುದು ಪೌರತ್ವವನ್ನು. 8ನೇ ವಿಧಿ ಹೇಳುವುದು ಇಷ್ಟೇ: ರಾಜತಾಂತ್ರಿಕ ಸಿಬ್ಬಂದಿ ಸಾಮಾನ್ಯವಾಗಿ ಕಳಿಸುವ ದೇಶದ ಪ್ರಜೆಗಳಾಗಿರಬೇಕು. ಹೋಗುವ ದೇಶದ ಪ್ರಜೆಯನ್ನೇ ನೇಮಿಸಬೇಕಾದರೆ ಆ ದೇಶದ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಅದು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ರಾಯಭಾರಿಯ ವಿಷಯದಲ್ಲಿ ಇನ್ನೊಂದು ಹೆಜ್ಜೆ ಇದೆ. ಹೆಸರು ಹೊರಗೆ ಹೇಳುವ ಮೊದಲೇ ‘ಇವರನ್ನು ಕಳಿಸಬಹುದಾ?’ ಅಂತ ಗುಟ್ಟಾಗಿ ಕೇಳುತ್ತಾರೆ. ಬೇಡ ಅಂದರೆ ಕಾರಣ ಕೊಡಬೇಕಾಗಿಲ್ಲ. ಬಂದ ಮೇಲೆ ಬೇಡವಾದರೂ ಕಾರಣ ಹೇಳದೆ ವಾಪಸ್ ಕಳಿಸಬಹುದು, 9ನೇ ವಿಧಿಯಲ್ಲಿ ಅದಕ್ಕೂ ಅವಕಾಶ ಇದೆ.

ಹಾಗಾಗಿ ಹುಟ್ಟಿದ ದೇಶಕ್ಕೇ ಬೇರೆ ದೇಶದ ರಾಯಭಾರಿಯಾಗಿ ಹೋಗುವುದೂ ಸಾಧ್ಯ. ಅಫ್ಘಾನಿಸ್ತಾನದ ಮಜಾರ್-ಎ-ಶರೀಫ್‌ನಲ್ಲಿ 1951ರಲ್ಲಿ ಹುಟ್ಟಿದ ಜಲ್ಮಾಯ್ ಖಲೀಲ್‌ಜಾದ್, ಹೈಸ್ಕೂಲು ಹುಡುಗನಾಗಿದ್ದಾಗ ವಿದ್ಯಾರ್ಥಿ ವಿನಿಮಯದಲ್ಲಿ ಮೊದಲ ಸಲ ಅಮೆರಿಕ ನೋಡಿದವರು, 2003ರಲ್ಲಿ ಕಾಬೂಲ್‌ಗೆ ಅಮೆರಿಕದ ರಾಯಭಾರಿಯಾಗಿ ಹೋದರು. ಆಮೇಲೆ ಇರಾಕ್, ಆಮೇಲೆ ವಿಶ್ವಸಂಸ್ಥೆ.

ನಾವು ಮುಂಬೈ ಕನ್ನಡಿಗರು ‘ವಲಸೆ’ ಅಂದ ತಕ್ಷಣ ನಮ್ಮ ಮನೆಯ ಕಥೆಯನ್ನೇ ನೆನಪಿಸಿಕೊಳ್ಳುತ್ತೇವೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಹುಡುಗರು ಫೋರ್ಟ್, ಮಾಟುಂಗದ ಹೋಟೆಲ್‌ಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಓದಿದ್ದು ಸಣ್ಣ ಸಾಹಸ ಅಲ್ಲವೇ ಅಲ್ಲ. ಆದರೆ ಅವರ ಪೌರತ್ವ ಬದಲಾಗಲಿಲ್ಲ. ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದದ್ದಕ್ಕೆ ದಾಖಲೆ ತೋರಿಸಿದರೆ ಡೊಮಿಸೈಲ್ ಸರ್ಟಿಫಿಕೇಟ್ ಸಿಗುತ್ತದೆ, ಅಷ್ಟೇ. ಭಾರತದವರು ಅನ್ನುವುದಕ್ಕೆ ಯಾರ ಮುಂದೆಯೂ ಕೈಯೆತ್ತಿ ಪ್ರಮಾಣ ಮಾಡಬೇಕಾಗಿ ಬರಲಿಲ್ಲ. ಆಲ್‌ಬ್ರೈಟ್ ಅವರದ್ದು ಬೇರೆ ಥರದ ವಲಸೆ. ಹಿಂದೆ ತಿರುಗಿ ಹೋಗಲು ದೇಶವೇ ಉಳಿಯದ ವಲಸೆ.

ಅವರು ಹುಟ್ಟಿದ್ದು 1937ರ ಮೇ 15ರಂದು. ಹೆಸರು ಮಾರಿಯೆ ಯಾನಾ ಕೊರ್ಬೆಲೊವಾ. ಅಪ್ಪ ಯೋಸೆಫ್ ಕೊರ್ಬೆಲ್ ಜೆಕೊಸ್ಲೊವಾಕಿಯಾದ ರಾಜತಾಂತ್ರಿಕ. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಮತ್ತು ಜರ್ಮನಿ ಸೇರಿ ಜೆಕೊಸ್ಲೊವಾಕಿಯಾದ ಗಡಿ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ಯಾರ ಭೂಮಿ ಕೊಡುತ್ತಿದ್ದರೋ ಅವರನ್ನು ಆ ಮಾತುಕತೆಗೆ ಕೂರಿಸಿಕೊಳ್ಳಲಿಲ್ಲ. ಆರು ತಿಂಗಳಲ್ಲಿ, 1939ರ ಮಾರ್ಚ್‌ನಲ್ಲಿ, ಜರ್ಮನ್ ಸೇನೆ ಪ್ರಾಗ್‌ಗೇ ಬಂತು. ಕೊರ್ಬೆಲ್ ಕುಟುಂಬ ಕೆಲವೇ ದಿನಗಳಲ್ಲಿ ರೈಲು ಹತ್ತಿ ಹೊರಟಿತು. ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಈ ಮ್ಯೂನಿಕ್ ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುದ್ಧದ ವರ್ಷಗಳು ಇಂಗ್ಲೆಂಡಿನಲ್ಲಿ ಕಳೆದವು. ಅಪ್ಪ ಅಲ್ಲಿ ಕೂತು ತಮ್ಮ ದೇಶದ ಜನರಿಗೆ ರೇಡಿಯೋ ಸುದ್ದಿ ಸಿದ್ಧ ಮಾಡುತ್ತಿದ್ದರು. ಬಾಂಬ್ ಬೀಳುವಾಗ ಮನೆಯವರೆಲ್ಲ ಉಕ್ಕಿನ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದರು, ಆ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಎಷ್ಟೋ ಮನೆಗಳಿಗೆ ಇಂಥ ಮೇಜು ಕೊಟ್ಟಿತ್ತು. ನಿರಾಶ್ರಿತ ಮಕ್ಕಳ ಬಗ್ಗೆ ತೆಗೆದ ಒಂದು ಸಿನಿಮಾದಲ್ಲಿ ಈ ಹುಡುಗಿ ಪಾತ್ರ ಮಾಡಿದ್ದಳು, ಸಂಬಳವಾಗಿ ಸಿಕ್ಕಿದ್ದು ಗುಲಾಬಿ ಬಣ್ಣದ ಒಂದು ಮೊಲದ ಬೊಂಬೆ.

ಯುದ್ಧ ಮುಗಿದ ಮೇಲೆ ಪ್ರಾಗ್‌ಗೆ ವಾಪಸ್. ಅಪ್ಪ ಯುಗೊಸ್ಲಾವಿಯಾಕ್ಕೆ ರಾಯಭಾರಿಯಾದರು, ಕುಟುಂಬ ಬೆಲ್‌ಗ್ರೇಡ್‌ಗೆ ಹೋಯಿತು. ಮಗಳು ಕಮ್ಯುನಿಸ್ಟ್ ಶಾಲೆಗೆ ಹೋಗಬಾರದು ಅಂತ ಮನೆಯಲ್ಲೇ ಪಾಠ ಹೇಳಿಸಿದರು, ಆಮೇಲೆ ಸ್ವಿಟ್ಜರ್ಲೆಂಡಿಗೆ ಕಳಿಸಿದರು. ‘ಮೆಡಲಿನ್’ ಅನ್ನುವ ಹೆಸರು ಗಟ್ಟಿಯಾದದ್ದು ಅಲ್ಲಿ. 1948ರ ಫೆಬ್ರವರಿಯಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ದೇಶ ಎರಡನೇ ಸಲ ಕೈತಪ್ಪಿತು.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಷಯ ಬರುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಗಿತ್ತು. 1948ರ ಜನವರಿ 1ರಂದು ನೆಹರೂ ಸರ್ಕಾರ ಕಾಶ್ಮೀರದ ವಿಷಯವನ್ನು ವಿಶ್ವಸಂಸ್ಥೆಗೆ ತೆಗೆದುಕೊಂಡು ಹೋಯಿತಲ್ಲ, ಆಗ ಭಾರತ ಮತ್ತು ಪಾಕಿಸ್ತಾನಕ್ಕಾಗಿ ಐದು ದೇಶಗಳ ಒಂದು ಆಯೋಗ ಮಾಡಿದರು. ಅದರಲ್ಲಿ ಒಂದು ದೇಶವನ್ನು ಭಾರತ ಆರಿಸಬೇಕು, ಒಂದನ್ನು ಪಾಕಿಸ್ತಾನ. ಪಾಕಿಸ್ತಾನ ಅರ್ಜೆಂಟೀನಾ ಅಂದಿತು. ಭಾರತ ಆರಿಸಿದ್ದು ಜೆಕೊಸ್ಲೊವಾಕಿಯಾವನ್ನು. ಆ ದೇಶ ಕಳಿಸಿದ ಪ್ರತಿನಿಧಿ ಯೋಸೆಫ್ ಕೊರ್ಬೆಲ್. 1948ರ ಮಳೆಗಾಲದಲ್ಲಿ ಅವರು ಕರಾಚಿ, ದೆಹಲಿ ಅಂತ ಓಡಾಡಿದರು. ಆಗಸ್ಟ್ 13ರ ನಿರ್ಣಯ, ಅಂದರೆ ಮೊದಲು ಕದನ ವಿರಾಮ, ಆಮೇಲೆ ಸೇನೆ ವಾಪಸಾತಿ, ಕೊನೆಗೆ ಜನಮತ ಅನ್ನುವ ಪ್ರಸಿದ್ಧ ದಾಖಲೆ, ಈ ಆಯೋಗದ್ದೇ. ಆಮೇಲೆ ಕೊರ್ಬೆಲ್ ಈ ಅನುಭವದ ಮೇಲೆ ಒಂದು ಪುಸ್ತಕವನ್ನೂ ಬರೆದರು.

ನಮ್ಮ ಜಗಳ ಬಿಡಿಸಲು ಬಂದ ಆ ಮನುಷ್ಯನಿಗೆ ಸ್ವಂತ ದೇಶಕ್ಕೆ ವಾಪಸ್ ಹೋಗುವ ದಾರಿ ಮುಚ್ಚುತ್ತಾ ಇತ್ತು. ಹೆಂಡತಿ ಮಕ್ಕಳು 1948ರ ನವೆಂಬರ್ 11ರಂದು ‘ಅಮೆರಿಕ’ ಅನ್ನುವ ಹೆಸರಿನ ಹಡಗಿನಲ್ಲೇ ನ್ಯೂಯಾರ್ಕ್ ತಲುಪಿದರು, ಅಪ್ಪ ಸ್ವಲ್ಪ ದಿನದ ಮೇಲೆ ಬಂದು ಸೇರಿಕೊಂಡರು. 1949ರಲ್ಲಿ ರಾಜಕೀಯ ಆಶ್ರಯ ಕೇಳಿದರು. ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಅಲ್ಲಿ ಅಂತರರಾಷ್ಟ್ರೀಯ ವಿಷಯಗಳ ಓದಿಗೆ ಒಂದು ಶಾಲೆಯನ್ನೇ ಕಟ್ಟಿದರು. ಅವರ ವಿದ್ಯಾರ್ಥಿನಿಯರಲ್ಲಿ ಒಬ್ಬರು ಕೊಂಡೊಲೀಜಾ ರೈಸ್. ಅಮೆರಿಕದ ಮೊದಲ ಮಹಿಳಾ ವಿದೇಶಾಂಗ ಸಚಿವೆ ಈ ಮೇಷ್ಟರ ಮಗಳು, ಎರಡನೆಯವರು ಈ ಮೇಷ್ಟರ ಶಿಷ್ಯೆ. ಒಬ್ಬರು ಡೆಮಾಕ್ರಟ್, ಒಬ್ಬರು ರಿಪಬ್ಲಿಕನ್. ಆಶ್ರಯ ಕೇಳಿಕೊಂಡು ಬಂದ ಒಬ್ಬ ಮನುಷ್ಯ ಒಂದು ದೇಶಕ್ಕೆ ಏನು ಕೊಡಬಲ್ಲ ಅಂತ ಯಾರಾದರೂ ವಾದ ಮಾಡಿದರೆ ನಾನು ಇದೊಂದನ್ನೇ ಹೇಳುತ್ತೇನೆ.

ಮಗಳ ದಾರಿ ನೇರವಾಗಿ ಇರಲಿಲ್ಲ. ಸ್ಕಾಲರ್‌ಶಿಪ್‌ನಲ್ಲಿ ವೆಲ್‌ಸ್ಲಿ ಕಾಲೇಜು, 1957ರಲ್ಲಿ ಅಮೆರಿಕದ ಪೌರತ್ವ, 1959ರಲ್ಲಿ ಡಿಗ್ರಿ, ಅದೇ ವರ್ಷ ಜೋಸೆಫ್ ಆಲ್‌ಬ್ರೈಟ್ ಜೊತೆ ಮದುವೆ. ಪತ್ರಕರ್ತೆ ಆಗುವ ಆಸೆ ಇತ್ತು. ಗಂಡ ಕೆಲಸ ಮಾಡುವ ಪತ್ರಿಕೆಯಲ್ಲಿ ಹೆಂಡತಿಗೆ ಕೆಲಸ ಇಲ್ಲ, ಎದುರಾಳಿ ಪತ್ರಿಕೆಗೆ ಹೋಗುವ ಹಾಗೂ ಇಲ್ಲ, ಆ ಕಾಲ ಹಾಗಿತ್ತು. 1961ರಲ್ಲಿ ಅವಳಿ ಹೆಣ್ಣುಮಕ್ಕಳು, 1967ರಲ್ಲಿ ಮೂರನೆಯವಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮಕ್ಕಳು ಏಳುವ ಮೊದಲು ಕೂತು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಬರೆದರು. ವಿಷಯ ಯಾವುದು ಗೊತ್ತಾ? 1968ರ ಜೆಕೊಸ್ಲೊವಾಕಿಯಾದ ಬದಲಾವಣೆಯಲ್ಲಿ ಪತ್ರಿಕೆಗಳ ಪಾತ್ರ. ಬಿಟ್ಟು ಬಂದ ದೇಶವನ್ನು ಅವರು ಓದಿನ ವಿಷಯ ಮಾಡಿಕೊಂಡರು. ಪಿಎಚ್‌ಡಿ ಕೈಗೆ ಬಂದದ್ದು 1976ರಲ್ಲಿ. ಅದೇ ವರ್ಷ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಆಗ ಅವರಿಗೆ 39 ವರ್ಷ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ, ಆಲ್‌ಬ್ರೈಟ್ ಅವರನ್ನು ಶ್ವೇತಭವನಕ್ಕೆ ಕರೆಸಿಕೊಂಡರು. ಬ್ರೆಜಿನ್‌ಸ್ಕಿಯೂ ಹೊರದೇಶದಲ್ಲಿ, ಪೋಲೆಂಡಿನಲ್ಲಿ ಹುಟ್ಟಿದವರು, ಕೊಲಂಬಿಯಾದಲ್ಲಿ ಇವರಿಗೆ ಪಾಠ ಹೇಳಿದವರು. ಎಂಬತ್ತರ ದಶಕದ ಮೊದಲಲ್ಲಿ ಗಂಡ ಬಿಟ್ಟು ಹೋದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳಿಗೆ ವಿದೇಶಾಂಗ ಸಲಹೆ ಕೊಡುತ್ತಾ ಇದ್ದರು. 1993ರಲ್ಲಿ ಬಿಲ್ ಕ್ಲಿಂಟನ್ ಅವರನ್ನು ವಿಶ್ವಸಂಸ್ಥೆಗೆ ಅಮೆರಿಕದ ರಾಯಭಾರಿ ಮಾಡಿದರು.

ಇಲ್ಲಿಂದ ವಿಷಯ ಬಿಗಿಯಾಗುತ್ತದೆ. ರಾಯಭಾರಿ ಅಂದರೆ ಕೋರ್ಟಿನಲ್ಲಿ ನಿಂತ ವಕೀಲರ ಹಾಗೆ. ಮಾತು ಅವರದ್ದು, ನಿಲುವು ಕಕ್ಷಿದಾರನದ್ದು. ಭದ್ರತಾ ಮಂಡಳಿಯಲ್ಲಿ 15 ದೇಶಗಳು, ಅದರಲ್ಲಿ ಐದಕ್ಕೆ ವೀಟೊ, ಅಂದರೆ ಒಬ್ಬರೇ ಬೇಡ ಅಂದು ನಿರ್ಣಯ ತಡೆಯುವ ಅಧಿಕಾರ. ಪ್ರತಿ ಮತಕ್ಕೆ ಮೊದಲು ರಾಜಧಾನಿಯಿಂದ ಸೂಚನೆ ಬರುತ್ತದೆ: ಹೌದು ಅನ್ನಿ, ಬೇಡ ಅನ್ನಿ, ತಟಸ್ಥರಾಗಿರಿ. ಅದನ್ನು ಮೀರಿದರೆ ಕೆಲಸ ಹೋಗುತ್ತದೆ.

1994ರ ಏಪ್ರಿಲ್‌ನಲ್ಲಿ ಆಫ್ರಿಕಾದ ರುವಾಂಡದಲ್ಲಿ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರ ಕಗ್ಗೊಲೆ ಶುರುವಾಯಿತು. ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಇತ್ತು. ಹಿಂದಿನ ವರ್ಷ ಸೊಮಾಲಿಯಾದಲ್ಲಿ ಸೈನಿಕರನ್ನು ಕಳೆದುಕೊಂಡಿದ್ದ ಅಮೆರಿಕಕ್ಕೆ ಆಫ್ರಿಕಾದ ಇನ್ನೊಂದು ಗಲಾಟೆಗೆ ಸಿಕ್ಕಿಕೊಳ್ಳುವ ಮನಸ್ಸಿರಲಿಲ್ಲ. ಆಲ್‌ಬ್ರೈಟ್‌ಗೆ ಬಂದ ಸೂಚನೆ ಪಡೆಯನ್ನು ವಾಪಸ್ ಕರೆಸುವ ಪರವಾಗಿತ್ತು. ಅವರು ಸಭೆಯಿಂದ ಹೊರಗೆ ಬಂದು ಫೋನ್ ಬೂತ್‌ನಿಂದ ವಾಷಿಂಗ್ಟನ್‌ಗೆ ಫೋನ್ ಮಾಡಿ ಸೂಚನೆ ಬದಲಿಸಿ ಅಂತ ಕೂಗಾಡಿದ್ದನ್ನು ಆಮೇಲೆ ಅವರೇ ಹೇಳಿದ್ದಾರೆ. ಆದರೂ ಏಪ್ರಿಲ್ 21ರಂದು ಮಂಡಳಿ ಪಡೆಯನ್ನು 270 ಜನಕ್ಕೆ ಇಳಿಸಿತು, ಅಮೆರಿಕದ ಕೈ ಅದರ ಪರವಾಗಿಯೇ ಎದ್ದಿತು. ಸುಮಾರು ನೂರು ದಿನದಲ್ಲಿ ಸತ್ತವರು ಎಂಟು ಲಕ್ಷದಷ್ಟು. ಕೊನೆಯವರೆಗೂ ಅವರು ಇದನ್ನು ತಮ್ಮ ಅತಿ ದೊಡ್ಡ ವಿಷಾದ ಅಂತ ಹೇಳುತ್ತಿದ್ದರು. ಸ್ವತಃ ನಿರಾಶ್ರಿತೆ, ಅಂಥವರು ಆ ಕುರ್ಚಿಯಲ್ಲಿ ಕೂತಿದ್ದರೂ ಕುರ್ಚಿಯೇ ಗೆದ್ದಿತು. ಹೊರಗಿನಿಂದ ಬಂದವರು ಅಧಿಕಾರಕ್ಕೆ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ನಂಬುವವರು ಈ ಏಪ್ರಿಲ್ ತಿಂಗಳನ್ನು ಒಮ್ಮೆ ಓದಬೇಕು.

ಹಾಗಾದರೆ ಅವರ ಬದುಕಿಗೆ ಬೆಲೆಯೇ ಇಲ್ವಾ? ಇದೆ. ಸರ್ಕಾರ ಇನ್ನೂ ಏನೂ ತೀರ್ಮಾನ ಮಾಡದೆ ತೂಗಾಡುತ್ತಿರುವಾಗ ಅದು ಕೆಲಸ ಮಾಡುತ್ತದೆ. ಬೋಸ್ನಿಯಾದಲ್ಲಿ ಆದದ್ದು ಅದೇ. ಯುಗೊಸ್ಲಾವಿಯಾ ಒಡೆದು ಸರ್ಬ್ ಪಡೆಗಳು ಬೋಸ್ನಿಯಾದ ಮುಸ್ಲಿಮರನ್ನು ಓಡಿಸುತ್ತಿದ್ದಾಗ, ಬಲ ಪ್ರಯೋಗಿಸಬೇಕು ಅಂತ ಆಲ್‌ಬ್ರೈಟ್ ಒಳಗೆ ಒತ್ತಾಯಿಸುತ್ತಲೇ ಇದ್ದರು. ಸೇನಾ ಮುಖ್ಯಸ್ಥ ಕಾಲಿನ್ ಪೊವೆಲ್ ಬೇಡ ಅಂದರು. ಪೊವೆಲ್ ಕೂಡ ಜಮೈಕಾದಿಂದ ಬಂದ ವಲಸಿಗರ ಮಗ. ಆದರೆ ಅವರ ಪಾಠ ವಿಯೆಟ್ನಾಂ ಯುದ್ಧದ್ದು: ಗುರಿ ಗೊತ್ತಿಲ್ಲದೆ ಸೈನಿಕರನ್ನು ಕಳಿಸಬಾರದು. ಆಲ್‌ಬ್ರೈಟ್ ಅವರ ಪಾಠ ಮ್ಯೂನಿಕ್‌ನದ್ದು: ದೊಡ್ಡ ದೇಶಗಳು ಸುಮ್ನೆ ಕೂತರೆ ಸಣ್ಣ ದೇಶ ಸಾಯುತ್ತದೆ. ತಮ್ಮ ಪೀಳಿಗೆಯ ಅಮೆರಿಕನ್ನರಿಗೆ ವಿಯೆಟ್ನಾಂ ಹೇಗೋ ತಮಗೆ ಮ್ಯೂನಿಕ್ ಹಾಗೆ ಅಂತ ಅವರು ಬಾಯಿಬಿಟ್ಟೇ ಹೇಳಿದ್ದರು. ಎರಡೂ ಅನುಭವ ನಿಜವೇ.

1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಸಾದಲ್ಲಿ ಸರ್ಬ್ ಪಡೆಗಳು ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಆಗಸ್ಟ್ 10ರಂದು ಆಲ್‌ಬ್ರೈಟ್ ಭದ್ರತಾ ಮಂಡಳಿಯ ಮುಚ್ಚಿದ ಸಭೆಗೆ ಆಕಾಶದಿಂದ ತೆಗೆದ ಫೋಟೋಗಳನ್ನು ತಂದರು. ಒಂದರಲ್ಲಿ ಮೈದಾನದ ತುಂಬ ಜನ. ಆಮೇಲಿನದರಲ್ಲಿ ಅದೇ ಮೈದಾನ ಖಾಲಿ, ಹತ್ತಿರದಲ್ಲಿ ಹೊಸದಾಗಿ ಅಗೆದು ಮುಚ್ಚಿದ ಮಣ್ಣು. ಗೂಢಚಾರ ಸಂಸ್ಥೆಯ ಫೋಟೋಗಳನ್ನು ಹೀಗೆ ಬೇರೆ ದೇಶಗಳ ಮುಂದೆ ಇಡುವುದು ಅಪರೂಪ. ಆ ತಿಂಗಳ ಕೊನೆಗೆ ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋದ ದಾಳಿ ಶುರುವಾಯಿತು, ನವೆಂಬರ್‌ನಲ್ಲಿ ಯುದ್ಧ ನಿಲ್ಲಿಸುವ ಡೇಟನ್ ಒಪ್ಪಂದ ಆಯಿತು. ಫೋಟೋ ಒಂದೇ ಕಾರಣ ಅಂತ ಹೇಳಲಾಗದು, ಯುದ್ಧಭೂಮಿಯ ಲೆಕ್ಕವೂ ಅಷ್ಟು ಹೊತ್ತಿಗೆ ಬದಲಾಗಿತ್ತು. ಆದರೆ ಯಾವ ಫೋಟೋವನ್ನು ಯಾರ ಮುಂದೆ ಯಾವಾಗ ಇಡಬೇಕು ಅಂತ ಗೊತ್ತಿರುವುದೇ ರಾಯಭಾರಿಯ ಕೈಚಳಕ.

ಕೈಚಳಕ ಅಂದರೆ ಬ್ರೂಚ್‌ಗಳ, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆಗಳ ಕಥೆ ಹೇಳಲೇಬೇಕು. ಇರಾಕ್‌ನ ಸರ್ಕಾರಿ ಪತ್ರಿಕೆಯಲ್ಲಿ ಅವರನ್ನು ಸರ್ಪ ಅಂತ ಬೈದು ಪದ್ಯ ಬಂತು. ಮುಂದಿನ ಸಲ ಇರಾಕಿಗಳನ್ನು ಭೇಟಿ ಮಾಡುವಾಗ ಅವರು ಎದೆಯ ಮೇಲೆ ಚಿನ್ನದ ಹಾವಿನ ಬ್ರೂಚ್ ಹಾಕಿಕೊಂಡು ಹೋದರು. ಅಲ್ಲಿಂದ ಅದೊಂದು ಭಾಷೆಯೇ ಆಯಿತು. ಮಾತುಕತೆ ಚೆನ್ನಾಗಿದೆ ಅಂದರೆ ಬಲೂನು, ಕುಟುಕಬೇಕಿದ್ದರೆ ಕಣಜ. 1999ರಲ್ಲಿ ವಿದೇಶಾಂಗ ಇಲಾಖೆಯ ಸಭಾ ಕೊಠಡಿಯಲ್ಲಿ ರಷ್ಯನ್ನರು ಕದ್ದು ಕೇಳುವ ಯಂತ್ರ ಇಟ್ಟಿದ್ದು ಸಿಕ್ಕಿತು. ಆಮೇಲೆ ರಷ್ಯನ್ನರ ಜೊತೆ ನಡೆದ ಸಭೆಗೆ ಅವರು ಹಾಕಿಕೊಂಡಿದ್ದು ದೊಡ್ಡದೊಂದು ಕೀಟದ ಬ್ರೂಚ್. ಇಂಗ್ಲಿಷಿನಲ್ಲಿ ಕೀಟಕ್ಕೂ ಕದ್ದು ಕೇಳುವ ಯಂತ್ರಕ್ಕೂ ‘ಬಗ್’ ಅಂತಲೇ ಹೆಸರು. ಒಂದು ಮಾತೂ ಆಡದೆ ‘ನಮಗೆ ಗೊತ್ತಾಗಿದೆ’ ಅಂತ ಹೇಳಿದ ಹಾಗಾಯಿತು. ಇದನ್ನು ಬರೀ ಶೋಕಿ ಅಂದುಕೊಳ್ಳಬೇಡಿ. ಬಾಯಿಬಿಟ್ಟು ಹೇಳಿದ್ದು ದಾಖಲೆ ಆಗುತ್ತದೆ, ಎದುರು ಕಡೆಯವರು ಉತ್ತರ ಕೊಡಲೇಬೇಕಾಗುತ್ತದೆ. ಬ್ರೂಚ್‌ಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

1997ರ ಜನವರಿಯಲ್ಲಿ ಸೆನೆಟ್ 99 ಮತಗಳಿಂದ, ಒಂದೂ ವಿರೋಧ ಇಲ್ಲದೆ, ಅವರನ್ನು ವಿದೇಶಾಂಗ ಸಚಿವೆಯಾಗಿ ಒಪ್ಪಿತು. ಅಮೆರಿಕದಲ್ಲಿ ಅಧ್ಯಕ್ಷರಿಗೆ ಏನಾದರೂ ಆದರೆ ಆ ಜಾಗಕ್ಕೆ ಬರುವವರ ಸಾಲಿನಲ್ಲಿ ವಿದೇಶಾಂಗ ಸಚಿವರು ನಾಲ್ಕನೆಯವರು. ಆದರೆ ಅವರ ಸಂವಿಧಾನದ ಪ್ರಕಾರ ಹುಟ್ಟಿನಿಂದಲೇ ಪ್ರಜೆ ಆಗಿರುವವರು ಮಾತ್ರ ಅಧ್ಯಕ್ಷರಾಗಬಹುದು. ಹಾಗಾಗಿ ಸಾಲಿನಲ್ಲಿ ಇವರ ಹೆಸರನ್ನು ದಾಟಿ ಮುಂದಿನವರಿಗೆ ಹೋಗಬೇಕಿತ್ತು. ಹಿಂದೆ ವಿದೇಶಾಂಗ ಸಚಿವರಾಗಿದ್ದ, ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಕಿಸಿಂಜರ್ ಅವರಿಗೂ ಇದೇ ಆಗಿತ್ತು. ವಲಸಿಗರಿಗೆ ಆ ದೇಶ ಎಷ್ಟು ಎತ್ತರದವರೆಗೆ ಬಾಗಿಲು ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಅನ್ನುವುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಧಿಕಾರ ವಹಿಸಿಕೊಂಡ ಎರಡೇ ವಾರಕ್ಕೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅವರ ಕುಟುಂಬದ ಬಗ್ಗೆ ಬರೆಯಿತು. ಅವರು ಬೆಳೆದದ್ದು ಕ್ಯಾಥೊಲಿಕ್ ಆಗಿ. ಆದರೆ ಅಪ್ಪ ಅಮ್ಮ ಯಹೂದಿ ಮನೆತನದವರು, ಯುದ್ಧದ ಹೊತ್ತಿನಲ್ಲಿ ಮತ ಬದಲಿಸಿದ್ದರು, ಮಕ್ಕಳಿಗೆ ಹೇಳಿರಲಿಲ್ಲ. ಅಜ್ಜ ಅಜ್ಜಿಯರಲ್ಲಿ ಮೂವರು ನಾಜಿಗಳ ಯಹೂದಿ ನರಮೇಧದಲ್ಲಿ ಸತ್ತಿದ್ದರು. ಆ ವರ್ಷ ಪ್ರಾಗ್‌ಗೆ ಹೋದಾಗ ಪಿಂಕಾಸ್ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಬರೆದಿರುವ, ನರಮೇಧದಲ್ಲಿ ಸತ್ತವರ ಸಾವಿರಾರು ಹೆಸರುಗಳ ನಡುವೆ ಅವರು ತಮ್ಮ ಅಪ್ಪನ ತಂದೆ ತಾಯಿಯ ಹೆಸರು ಹುಡುಕಿ ನೋಡಿದರು. ಗೊತ್ತಿದ್ದೂ ಮುಚ್ಚಿಟ್ಟರು ಅಂತ ಆಗ ಕೆಲವರು ಆಡಿದರು. ನನಗೆ ಅದು ಕ್ರೂರ ಅನ್ನಿಸುತ್ತದೆ. ಜೀವ ಉಳಿಸಿಕೊಂಡು ಬಂದ ಅಪ್ಪ ಅಮ್ಮ ಮಕ್ಕಳಿಗೆ ಎಲ್ಲವನ್ನೂ ಹೇಳುವುದಿಲ್ಲ. ದೇಶ ವಿಭಜನೆ ಕಂಡು ಉಲ್ಲಾಸನಗರಕ್ಕೆ ಬಂದ ಸಿಂಧಿ ಮನೆಗಳಲ್ಲಿ ಕೇಳಿ ನೋಡಿ, ಎಷ್ಟು ವಿಷಯ ಅಜ್ಜಿಯ ಜೊತೆಗೇ ಹೋಗಿದೆ ಅಂತ ಅವರೇ ಹೇಳುತ್ತಾರೆ.

1999ರ ಮಾರ್ಚ್ 12ರಂದು ಮಿಸೂರಿ ರಾಜ್ಯದ ಇಂಡಿಪೆಂಡೆನ್ಸ್ ಊರಿನಲ್ಲಿ ಪೋಲೆಂಡ್, ಹಂಗರಿ ಮತ್ತು ಜೆಕೊಸ್ಲೊವಾಕಿಯಾ ಒಡೆದು ಆದ ಜೆಕ್ ಗಣರಾಜ್ಯ ನ್ಯಾಟೋ ಸೇರಿದವು. ಜೆಕ್ ಮಂತ್ರಿ ತಮ್ಮ ದೇಶದ ಕಾಗದಗಳನ್ನು ಒಪ್ಪಿಸಿದ್ದು ಆಲ್‌ಬ್ರೈಟ್ ಕೈಗೆ. ಅಮೆರಿಕದ ಪರವಾಗಿ ತೆಗೆದುಕೊಂಡ ಕೈ ಪ್ರಾಗ್‌ನಲ್ಲಿ ಹುಟ್ಟಿದ್ದು. ಕುರ್ಚಿ, ಬದುಕು ಎರಡೂ ಒಂದೇ ಕಡೆ ಎಳೆದ ಅಪರೂಪದ ದಿನ ಅದು. ಹನ್ನೆರಡು ದಿನಕ್ಕೆ, ಮಾರ್ಚ್ 24ರಂದು, ಸರ್ಬಿಯಾದ ಕೈಯಲ್ಲಿದ್ದ ಕೊಸೊವೊ ಪ್ರಾಂತ್ಯದ ಅಲ್ಬೇನಿಯನ್ ಜನರಿಗಾಗಿ ನ್ಯಾಟೋ ಸರ್ಬಿಯಾದ ಮೇಲೆ ಬಾಂಬ್ ಹಾಕಲು ಶುರು ಮಾಡಿತು. 78 ದಿನ ನಡೆಯಿತು. ಚಿಕ್ಕಂದಿನಲ್ಲಿ ತಾವೇ ಇದ್ದ ಬೆಲ್‌ಗ್ರೇಡ್ ಕೂಡ ಅದರಲ್ಲಿ ಸೇರಿತ್ತು. ಭದ್ರತಾ ಮಂಡಳಿಯ ಒಪ್ಪಿಗೆ ಇರಲಿಲ್ಲ, ರಷ್ಯಾ, ಚೀನಾ ವೀಟೊ ಹಾಕುತ್ತವೆ ಅಂತ ಗೊತ್ತಿತ್ತು. ಕೊಸೊವೊದ ಅಲ್ಬೇನಿಯನ್ನರು ಇವತ್ತಿಗೂ ಅವರನ್ನು ಪೂಜ್ಯ ಭಾವದಿಂದ ನೋಡುತ್ತಾರೆ, ಸರ್ಬಿಯಾದಲ್ಲಿ ಹೆಸರೆತ್ತಿದರೆ ಸಿಟ್ಟು.

ಇರಾಕ್ ವಿಷಯ ಬಿಟ್ಟರೆ ಈ ಬರಹ ಪ್ರಾಮಾಣಿಕ ಆಗುವುದಿಲ್ಲ. ಕುವೈತ್ ಯುದ್ಧದ ನಂತರ ಇರಾಕ್ ಮೇಲೆ ಹಾಕಿದ ಆರ್ಥಿಕ ನಿರ್ಬಂಧದಿಂದ ಔಷಧ, ಆಹಾರಕ್ಕೆ ತತ್ವಾರ ಆಗಿತ್ತು. 1996ರ ಮೇ ತಿಂಗಳ ಟೀವಿ ಸಂದರ್ಶನದಲ್ಲಿ, ಐದು ಲಕ್ಷ ಮಕ್ಕಳು ಸತ್ತಿದ್ದಾರಂತೆ, ಈ ಬೆಲೆ ಕೊಡುವುದು ಸರಿಯಾ ಅಂತ ಆಲ್‌ಬ್ರೈಟ್ ಅವರನ್ನು ಕೇಳಿದರು. ಸರಿ ಅನ್ನುವ ಅರ್ಥ ಬರುವ ಉತ್ತರ ಕೊಟ್ಟರು. ಆ ಸಂಖ್ಯೆ ನಂಬುವಂಥದ್ದಲ್ಲ ಅಂತ ಮುಂದೆ ಸಂಶೋಧಕರು ತೋರಿಸಿದರು, ಅವರೂ ಆ ಮಾತಿಗೆ ಪಶ್ಚಾತ್ತಾಪ ಪಟ್ಟರು. ಆದರೆ ಆ ಹೊತ್ತಿನಲ್ಲಿ ಅವರು ಸಂಖ್ಯೆಯನ್ನು ಪ್ರಶ್ನಿಸಲಿಲ್ಲ, ನೀತಿಯನ್ನು ಸಮರ್ಥಿಸಿದರು. ಬಾಂಬಿನ ಕೆಳಗೆ ಮೇಜಿನಡಿ ಮಲಗಿದ್ದ ಮಗುವೇ ದೊಡ್ಡವಳಾಗಿ ಬೇರೆ ಮಕ್ಕಳ ಬಗ್ಗೆ ಹೀಗೆ ಹೇಳಿದ್ದನ್ನು ನಾನು ಕ್ಷಮಿಸಲಾರೆ. ಅಷ್ಟು ವರ್ಷ ಸರ್ಕಾರದ ಮಾತನ್ನೇ ಆಡಿ ಆಡಿ, ಒಬ್ಬ ಮನುಷ್ಯಳಾಗಿ ಉತ್ತರಿಸಬೇಕಾದ ಪ್ರಶ್ನೆಗೂ ಸರ್ಕಾರದ ಉತ್ತರವೇ ಬಂತು.

ಭಾರತಕ್ಕೂ ಅವರ ಬಿಸಿ ತಟ್ಟಿತ್ತು. 1998ರ ಮೇ 11 ಮತ್ತು 13ರಂದು ಪೋಖ್ರಾನ್ ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿತು, ಜೂನ್ 6ರಂದು ಭದ್ರತಾ ಮಂಡಳಿ ಖಂಡಿಸಿತು. ಅಮೆರಿಕದ ವಸ್ತು, ತಂತ್ರಜ್ಞಾನ ಸಿಗದಂತೆ ಮಾಡಿದ ಸಂಸ್ಥೆಗಳ ಪಟ್ಟಿಯಲ್ಲಿ ನಮ್ಮ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯೂ ಇತ್ತು. ಅಣುಶಕ್ತಿನಗರದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಆ ದಿನಗಳ ಮನೆಮಾತು ನೆನಪಿರಬಹುದು. ಬಹಿರಂಗದಲ್ಲಿ ಆಲ್‌ಬ್ರೈಟ್ ಕಟುವಾಗಿ ಮಾತಾಡಿದರು. ಅದೇ ಹೊತ್ತಿಗೆ ಅವರ ಕೈಕೆಳಗಿನ ಸ್ಟ್ರೋಬ್ ಟಾಲ್ಬಟ್ ನಮ್ಮ ಜಸವಂತ್ ಸಿಂಗ್ ಜೊತೆ ಒಂದೊಂದೇ ಊರಿನಲ್ಲಿ ಕೂತು ದೀರ್ಘ ಮಾತುಕತೆ ನಡೆಸುತ್ತಿದ್ದರು. ರಾಜತಾಂತ್ರಿಕತೆಯಲ್ಲಿ ಇವೆರಡೂ ಒಟ್ಟಿಗೇ ನಡೆಯುತ್ತವೆ.

ಇದೆಲ್ಲ ಅಮೆರಿಕದ ಕಥೆ, ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. 1997ರ ನವೆಂಬರ್‌ನಲ್ಲಿ ಆಲ್‌ಬ್ರೈಟ್ ದೆಹಲಿಗೆ ಬಂದಾಗ ಪ್ರಧಾನಿ ಆಗಿದ್ದವರು ಐ.ಕೆ. ಗುಜ್ರಾಲ್. ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಝೇಲಂನಲ್ಲಿ, ವಿಭಜನೆಯಲ್ಲಿ ಊರು ಬಿಟ್ಟು ಬಂದವರು, 1976ರಿಂದ 1980ರವರೆಗೆ ಮಾಸ್ಕೋದಲ್ಲಿ ನಮ್ಮ ರಾಯಭಾರಿ. ರಾಷ್ಟ್ರಪತಿ ಕೆ.ಆರ್. ನಾರಾಯಣನ್, ಭಾರತೀಯ ವಿದೇಶಾಂಗ ಸೇವೆಯ (ಐಎಫ್‌ಎಸ್) ಹಳೆಯ ಅಧಿಕಾರಿ, ಯೌವನದಲ್ಲಿ ನಮ್ಮ ಬಾಂಬೆಯಲ್ಲೇ ಪತ್ರಕರ್ತರಾಗಿದ್ದವರು. ಅವರ ಹೆಂಡತಿ ಉಷಾ ಅವರು ಬರ್ಮಾದಲ್ಲಿ ಹುಟ್ಟಿದ್ದು ಮಾ ತಿಂತ್ ತಿಂತ್ ಆಗಿ. ವಿದೇಶಾಂಗ ಸೇವೆಯಲ್ಲಿರುವವರು ವಿದೇಶಿಯರನ್ನು ಮದುವೆಯಾಗುವಂತಿಲ್ಲ ಅನ್ನುವ ನಿಯಮ ಇದ್ದದ್ದರಿಂದ ನೆಹರೂ ಅವರಿಂದ ವಿಶೇಷ ಅನುಮತಿ ಬೇಕಾಯಿತು, 1951ರಲ್ಲಿ ಮದುವೆ ಆಯಿತು, ಆಮೇಲೆ ಅವರು ಭಾರತದ ಪ್ರಜೆಯಾದರು.

ಆಲ್‌ಬ್ರೈಟ್ 2001ರ ಜನವರಿಯವರೆಗೆ ಸಚಿವೆಯಾಗಿದ್ದರು. ಜೆಕ್ ಅಧ್ಯಕ್ಷ ವಾಕ್ಲಾವ್ ಹಾವೆಲ್ ತಮ್ಮ ನಂತರ ಇವರೇ ಆ ದೇಶದ ಅಧ್ಯಕ್ಷೆ ಆಗಬಹುದು ಅಂತ ಸೂಚಿಸಿದ್ದರು, ಇವರು ಒಪ್ಪಲಿಲ್ಲ. 2022ರ ಮಾರ್ಚ್ 23ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು, 84 ವರ್ಷ ಆಗಿತ್ತು.

ಇನ್ನು ನಮ್ಮ ಹುಡುಗಿಯ ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ನ್ಯೂಜೆರ್ಸಿಯಲ್ಲಿರುವ ಅವಳ ದೊಡ್ಡಪ್ಪನ ಮಗ ಡಿಪ್ಲೊಮ್ಯಾಟ್ ಆಗಬಹುದಾ? ಅವನು ಪ್ರಮಾಣ ಮಾಡಿ ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ಅಲ್ಲಿಯ ವಿದೇಶಾಂಗ ಸೇವೆಗೆ ಅರ್ಜಿ ಹಾಕಬಹುದು, ಹುಟ್ಟಿದ್ದು ಮಾಟುಂಗ ಆದರೂ ಅಡ್ಡಿ ಇಲ್ಲ. ಹಿನ್ನೆಲೆ ತಪಾಸಣೆ ಕಟ್ಟುನಿಟ್ಟಾಗಿ ಇರುತ್ತದೆ, ಬೇರೆ ದೇಶದಲ್ಲಿರುವ ಬಂಧುಗಳು, ಆಸ್ತಿ ಎಲ್ಲ ಕೇಳುತ್ತಾರೆ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಆಗುವುದಿಲ್ಲ. ಒಮ್ಮೆ ಆ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇಟ್ಟುಕೊಂಡು ಇಲ್ಲಿಯ ಐಎಫ್‌ಎಸ್‌ಗೆ ಬರುವ ಹಾಗಿಲ್ಲ. ಅವಳಿಗೆ ಆ ತೊಂದರೆ ಇಲ್ಲ. ಭಾರತದ ಪ್ರಜೆ, ಡಿಗ್ರಿ ಇದೆ, ವಯಸ್ಸು 21 ದಾಟಿದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ಪತ್ರಿಕೆಗೆ ಕನ್ನಡ ಸಾಹಿತ್ಯವನ್ನೂ ತೆಗೆದುಕೊಳ್ಳಬಹುದು, ಡೊಂಬಿವಲಿಯಲ್ಲಿ ಕೂತು ಅದಕ್ಕೆ ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವುದು ಅವಳ ಈಗಿನ ಚಿಂತೆ. ಗೊತ್ತಿರುವವರು ತಿಳಿಸಿ.